ಕ್ರಿಯಾಟಿನಿನ್ ಸರಿಯಿದೆ, ಮೂತ್ರಪಿಂಡವೂ ಸರಿಯಿದೆಯೇ? ಯಕೃತ್ತಿನ ರೋಗಿಗಳ ರಕ್ತಸೂಚಕಗಳ ಸುತ್ತಲಿನ ಗೊಂದಲ

ಯಕೃತ್ತಿನ ಕಾಯಿಲೆ ಇರುವವರಲ್ಲಿ ಮೂತ್ರಪಿಂಡ ಕೈಕೊಡಲಿದೆಯೇ ಎಂಬುದನ್ನು ರಕ್ತಪರೀಕ್ಷೆಯೊಂದರಿಂದ ಮುಂಚಿತವಾಗಿ ಹೇಳಬಹುದು ಎನ್ನುವ ಸುದ್ದಿಗಳು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬರುತ್ತಿವೆ. ಒಮ್ಮೆ ಸಿಸ್ಟಾಟಿನ್ ಸಿ ಎಂಬ ಹೆಸರು ಕೇಳಿಬರುತ್ತದೆ, ಇನ್ನೊಮ್ಮೆ ಎನ್‌ಗ್ಯಾಲ್ ಎಂಬುದು. ಈ ನಡುವೆ 2023ರಲ್ಲಿ ಅಮೆರಿಕದಲ್ಲಿ ಯಕೃತ್ತಿನ ಕಸಿಗೆ ಸರದಿ ನಿರ್ಧರಿಸುವ ಅಂಕದ ಲೆಕ್ಕಾಚಾರ ಬದಲಾಯಿತು. 2024ರಲ್ಲಿ ಮೂತ್ರಪಿಂಡ ತಜ್ಞರ ಮತ್ತು ಯಕೃತ್ತಿನ ತಜ್ಞರ ಎರಡು ಅಂತರರಾಷ್ಟ್ರೀಯ ಬಳಗಗಳು ಒಟ್ಟಿಗೆ ಕುಳಿತು, ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ) ರೋಗಿಗಳಲ್ಲಿ ಮೂತ್ರಪಿಂಡದ ದಿಢೀರ್ ವೈಫಲ್ಯವನ್ನು ಗುರುತಿಸುವ ಮಾನದಂಡಗಳನ್ನು ಪರಿಷ್ಕರಿಸಿದವು. ಇಷ್ಟೆಲ್ಲ ಆದರೂ ವಾರ್ಡಿನಲ್ಲಿ ದಿನನಿತ್ಯ ನೋಡುವ ಸಂಖ್ಯೆ ಮಾತ್ರ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ತ್ಯಾಜ್ಯವಾದ ಹಳೆಯ ಕ್ರಿಯಾಟಿನಿನ್ನೇ ಆಗಿದೆ. ಹೊಸ ಸೂಚಕಗಳು ಅಷ್ಟು ಉತ್ತಮವಾಗಿದ್ದರೆ ಹಳೆಯದನ್ನು ಯಾಕೆ ಬಿಟ್ಟಿಲ್ಲ, ಹಳೆಯದೇ ಸಾಕಾಗಿದ್ದರೆ ಹೊಸದರ ಹುಡುಕಾಟ ಯಾಕೆ ಎಂಬ ಪ್ರಶ್ನೆ ಓದುಗರಲ್ಲಿ ಏಳುವುದು ಸಹಜ.

ಉತ್ತರದ ಬಹುಪಾಲು ಒಂದು ಸಂಗತಿಯಲ್ಲಿ ಅಡಗಿದೆ. ‘ಮುನ್ಸೂಚನೆ’ ಎಂಬ ಒಂದೇ ಪದದ ಕೆಳಗೆ ಮೂರು ಬೇರೆ ಬೇರೆ ಕೆಲಸಗಳನ್ನು ಸೇರಿಸಲಾಗುತ್ತಿದೆ: ಮೂತ್ರಪಿಂಡ ಈಗ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವುದು, ಅದು ಕೆಟ್ಟಿದ್ದರೆ ಯಾವ ಬಗೆಯಲ್ಲಿ ಕೆಟ್ಟಿದೆ ಎಂದು ತಿಳಿಯುವುದು, ಮುಂದೆ ಏನಾಗಲಿದೆ ಎಂದು ಹೇಳುವುದು. ಈ ಮೂರಕ್ಕೂ ಒಂದೇ ಪರೀಕ್ಷೆ ಸಾಲುವುದಿಲ್ಲ.

ಯಕೃತ್ತು ಕೆಟ್ಟರೆ ಮೂತ್ರಪಿಂಡಕ್ಕೇಕೆ ಕುತ್ತು?

ಸಿರೋಸಿಸ್‌ನಲ್ಲಿ ಯಕೃತ್ತು ಗಾಯದ ಕಲೆಗಟ್ಟಿ ಗಡುಸಾಗುತ್ತದೆ. ಕರುಳಿನಿಂದ ಅದರೊಳಕ್ಕೆ ಹರಿಯಬೇಕಾದ ರಕ್ತಕ್ಕೆ ತಡೆಯುಂಟಾಗಿ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರುತ್ತದೆ. ಇದಕ್ಕೆ ಪ್ರತಿಯಾಗಿ ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳು ಬಿಡುಗಡೆಯಾಗಿ ಹೊಟ್ಟೆಯ ಅಂಗಗಳ ರಕ್ತನಾಳಗಳು ಹಿಗ್ಗುತ್ತವೆ ಮತ್ತು ದೇಹದ ರಕ್ತದ ದೊಡ್ಡ ಪಾಲು ಅಲ್ಲಿಯೇ ನಿಲ್ಲುತ್ತದೆ. ಒಟ್ಟು ರಕ್ತ ಕಡಿಮೆಯಾಗಿರುವುದಿಲ್ಲ. ಆದರೂ ಹೃದಯದ ಬಳಿಯ ಮತ್ತು ಕುತ್ತಿಗೆಯ ಒತ್ತಡಗ್ರಾಹಿಗಳಿಗೆ ರಕ್ತ ಸಾಲದೆಂದೇ ಅನ್ನಿಸುತ್ತದೆ. ಆಗ ರಕ್ತದೊತ್ತಡ ಕಾಯುವ ರೆನಿನ್, ಆಲ್ಡೊಸ್ಟೆರೋನ್, ನಾರ್‌ಅಡ್ರಿನಲಿನ್, ವ್ಯಾಸೊಪ್ರೆಸಿನ್ ಎಲ್ಲವೂ ಏರುತ್ತವೆ. ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಹೊಟ್ಟೆಯಲ್ಲಿ ನೀರು ತುಂಬುವ ಜಲೋದರ ಬೆಳೆಯುತ್ತದೆ, ರಕ್ತದ ಸೋಡಿಯಂ ತೆಳುವಾಗುತ್ತದೆ. ಕೊನೆಗೆ ಮೂತ್ರಪಿಂಡದ ರಕ್ತನಾಳಗಳೇ ಬಿಗಿದುಕೊಂಡು ಸೋಸುವಿಕೆ ಕುಸಿಯುತ್ತದೆ. ಹೆಪಟೊರೀನಲ್ ಸಿಂಡ್ರೋಮ್ ಎಂದು ಕರೆಯುವುದು ಈ ಸ್ಥಿತಿಯನ್ನೇ.

ಇಲ್ಲಿ ಮೂತ್ರಪಿಂಡದ ಅಂಗಾಂಶ ಬಹುಮಟ್ಟಿಗೆ ಸುಸ್ಥಿತಿಯಲ್ಲೇ ಇರುತ್ತದೆ. ಹೀಗೆ ‘ವಿಫಲ’ವಾಗಿದ್ದ ಮೂತ್ರಪಿಂಡಗಳನ್ನು, ಯಕೃತ್ತಿನ ಕಾಯಿಲೆ ಇಲ್ಲದವರಿಗೆ ಕಸಿ ಮಾಡಿದಾಗ ಅವು ಮತ್ತೆ ಕೆಲಸ ಆರಂಭಿಸಿದವೆಂದು 1969ರಲ್ಲೇ ವರದಿಯಾಗಿತ್ತು. ಕಾಯಿಲೆ ಇರುವುದು ಮೂತ್ರಪಿಂಡದಲ್ಲಲ್ಲ, ಅದಕ್ಕೆ ರಕ್ತ ಪೂರೈಸುವ ವ್ಯವಸ್ಥೆಯಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿರಲಿಲ್ಲ.

ಆದರೆ ಎಲ್ಲರಲ್ಲೂ ಹೀಗೆಯೇ ಆಗುವುದಿಲ್ಲ. ಜಲೋದರದ ನೀರಿಗೆ ಸೋಂಕು ತಗುಲಿದಾಗ, ರಕ್ತಸ್ರಾವದಿಂದ ರಕ್ತದೊತ್ತಡ ಬಿದ್ದಾಗ, ಉರಿಯೂತ ಕೆರಳಿದಾಗ ಅಥವಾ ಪಿತ್ತದ ಅಂಶಗಳು ವಿಪರೀತ ಏರಿದಾಗ ಮೂತ್ರಪಿಂಡದ ನಾಳಿಕೆಗಳ (ಸೂಕ್ಷ್ಮ ಕೊಳವೆಗಳ) ಜೀವಕೋಶಗಳೇ ಹಾನಿಗೊಳ್ಳಬಹುದು. ಮೂತ್ರ ಹೆಚ್ಚಿಸುವ ಔಷಧಿ ತುಸು ಜಾಸ್ತಿಯಾಗಿ ದೇಹ ಬರಿದೇ ನೀರು ಕಳೆದುಕೊಂಡಿರಲೂಬಹುದು. ನೀರು ಕಳೆದುಕೊಂಡವರಿಗೆ ದ್ರವ ಕೊಟ್ಟರೆ ಸಾಕು. ಹೆಪಟೊರೀನಲ್ ಸಿಂಡ್ರೋಮ್‌ಗೆ ರಕ್ತನಾಳ ಬಿಗಿಗೊಳಿಸುವ ಔಷಧಿ ಬೇಕು. ನಾಳಿಕೆಗಳೇ ಕೆಟ್ಟಿದ್ದರೆ ಆ ಔಷಧಿಯಿಂದ ಲಾಭವಿಲ್ಲ, ಅಪಾಯವಷ್ಟೇ ಉಳಿಯುತ್ತದೆ. ಈ ಮೂರೂ ಸ್ಥಿತಿಗಳಲ್ಲಿ ಕ್ರಿಯಾಟಿನಿನ್ ಏರುತ್ತದೆ, ಯಾವುದರಿಂದ ಏರಿತೆಂದು ಅದು ಹೇಳುವುದಿಲ್ಲ.

ಹಳೆಯ ಅಳತೆಗೋಲಿನ ಡೊಂಕು

ಸ್ನಾಯುಗಳಲ್ಲಿರುವ ಕ್ರಿಯಾಟಿನ್ ಎಂಬ ವಸ್ತು ಸವೆದಾಗ ಕ್ರಿಯಾಟಿನಿನ್ ಹುಟ್ಟುತ್ತದೆ. ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುವುದರಿಂದ, ರಕ್ತದಲ್ಲಿ ಅದು ಹೆಚ್ಚಿದರೆ ಸೋಸುವಿಕೆ ಕುಂದಿದೆಯೆಂದು ತಿಳಿಯುತ್ತೇವೆ. ಈ ತರ್ಕ ನಿಲ್ಲುವುದು ಕ್ರಿಯಾಟಿನಿನ್ ಉತ್ಪಾದನೆ ಸ್ಥಿರವಾಗಿದೆ ಎಂಬ ನಂಬಿಕೆಯ ಮೇಲೆ, ಮತ್ತು ಸಿರೋಸಿಸ್ ಮುರಿಯುವುದು ಈ ನಂಬಿಕೆಯನ್ನೇ. ಕ್ರಿಯಾಟಿನ್ ತಯಾರಾಗುವ ಮುಖ್ಯ ಜಾಗ ಯಕೃತ್ತು; ಅದು ಸೊರಗಿದಾಗ ತಯಾರಿಕೆಯೂ ಇಳಿಯುತ್ತದೆ. ಕಾಯಿಲೆ ಮುಂದುವರಿದಂತೆ ಸ್ನಾಯುಗಳು ಕರಗುತ್ತವೆ. ದೇಹದಲ್ಲಿ ಸೇರಿಕೊಂಡ ನೀರು ಇರುವಷ್ಟು ಕ್ರಿಯಾಟಿನಿನ್ನನ್ನೂ ತೆಳುವಾಗಿಸುತ್ತದೆ. ಇದು ಸಾಲದೆಂಬಂತೆ, 1886ರಲ್ಲಿ ಯಾಫೆ ವಿವರಿಸಿದ ಬಣ್ಣದ ಪ್ರತಿಕ್ರಿಯೆಯನ್ನು ಆಧರಿಸಿದ, ಇಂದಿಗೂ ಅನೇಕ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಪರೀಕ್ಷೆಯಲ್ಲಿ, ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ ಅಡ್ಡಬಂದು ಕ್ರಿಯಾಟಿನಿನ್ ಇರುವುದಕ್ಕಿಂತ ಕಡಿಮೆ ತೋರಬಹುದು.

ಈ ದೋಷಗಳು ಒಂದನ್ನೊಂದು ಸರಿದೂಗಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲವೂ ಸಂಖ್ಯೆಯನ್ನು ಕೆಳಕ್ಕೇ ಎಳೆಯುತ್ತವೆ. ಹೀಗಾಗಿ ಸೋಸುವಿಕೆ ಅರ್ಧಕ್ಕೆ ಇಳಿದಿದ್ದರೂ ವರದಿಯಲ್ಲಿ ‘ಸಾಮಾನ್ಯ ಮಿತಿಯೊಳಗಿದೆ’ ಎಂದು ಅಚ್ಚಾಗಿರಬಹುದು. ಕಾಯಿಲೆ ಹೆಚ್ಚಿದಷ್ಟೂ ಸ್ನಾಯು ಕಡಿಮೆಯಾಗುವುದರಿಂದ, ಅಳತೆ ಅತ್ಯಂತ ನಿಖರವಾಗಿರಬೇಕಾದವರಲ್ಲೇ ಅದು ಅತ್ಯಂತ ಸಡಿಲವಾಗಿರುತ್ತದೆ. ಕ್ರಿಯಾಟಿನಿನ್ ಎದ್ದು ಕಾಣುವಷ್ಟು ಏರುವ ಹೊತ್ತಿಗೆ ಎಚ್ಚೆತ್ತುಕೊಂಡರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.

ಹಿಂದಿನ ಮಾನದಂಡ ಈ ತೊಂದರೆಯನ್ನು ಇನ್ನಷ್ಟು ಹೆಚ್ಚಿಸಿತ್ತು. ಹೆಪಟೊರೀನಲ್ ಸಿಂಡ್ರೋಮ್‌ನ ತೀವ್ರ ಸ್ವರೂಪವೆಂದು ಹೆಸರಿಸಬೇಕಾದರೆ ಎರಡು ವಾರದೊಳಗೆ ಕ್ರಿಯಾಟಿನಿನ್ ದುಪ್ಪಟ್ಟಾಗಿ ಡೆಸಿಲೀಟರಿಗೆ 2.5 ಮಿಲಿಗ್ರಾಂ ದಾಟಬೇಕಿತ್ತು. 2015ರಲ್ಲಿ ಈ ಗಡಿಯನ್ನು ಕೈಬಿಟ್ಟು, 48 ಗಂಟೆಗಳಲ್ಲಿ 0.3 ಮಿಲಿಗ್ರಾಂ ಏರಿಕೆಯನ್ನು ಅಥವಾ 7 ದಿನಗಳಲ್ಲಿ ಶೇಕಡಾ 50ರಷ್ಟು ಏರಿಕೆಯನ್ನೇ ದಿಢೀರ್ ಹಾನಿಯ ಗುರುತೆಂದು ಒಪ್ಪಲಾಯಿತು. ಆಗಲೂ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನು ಕೊಟ್ಟು ಎರಡು ದಿನ ಕಾದು ನೋಡಿಯೇ ಚಿಕಿತ್ಸೆಯ ಮುಂದಿನ ಹೆಜ್ಜೆ ಇಡಬೇಕಿತ್ತು. 2024ರ ಪರಿಷ್ಕರಣೆ ಆ ಕಾಯುವಿಕೆಯನ್ನು 24 ಗಂಟೆಗೆ ತಗ್ಗಿಸಿತು. ದೇಹದಲ್ಲಿ ಈಗಾಗಲೇ ದ್ರವ ಹೆಚ್ಚಾಗಿರುವವರಿಗೆ ಆಲ್ಬುಮಿನ್ ಕೊಡಲೇಬೇಕೆಂಬ ಕಟ್ಟಳೆಯನ್ನೂ ಸಡಿಲಿಸಿತು. ಅಂದರೆ ಸ್ಥಿರ ಗಡಿಯಿಂದ ಬದಲಾವಣೆಯ ವೇಗದ ಕಡೆಗೆ ವೈದ್ಯಕೀಯ ಲೋಕದ ಗಮನ ಹೊರಳಿದೆ. ಕ್ರಿಯಾಟಿನಿನ್ 0.6ರಿಂದ 1.0ಕ್ಕೆ ಏರಿದ ರೋಗಿಯ ವರದಿ ಈಗಲೂ ‘ಸಾಮಾನ್ಯ’ವೇ, ಆದರೆ ಆ ಏರಿಕೆ ವಾರದೊಳಗೆ ಆಗಿದ್ದರೆ ಅದು ದಿಢೀರ್ ಹಾನಿ. ಹೊಸ ಸೂಚಕದ ಮಾತು ಒತ್ತಟ್ಟಿಗಿರಲಿ, ಹಳೆಯ ಸೂಚಕವನ್ನೇ ಸರಿಯಾಗಿ ಓದುವುದರಿಂದ ದೊರೆತ ಲಾಭವಿದು, ಮತ್ತು ಸುದ್ದಿಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಸಿಸ್ಟಾಟಿನ್ ಸಿ: ಮೊದಲ ಪ್ರಶ್ನೆಗೆ ಉತ್ತರ

ಸಿಸ್ಟಾಟಿನ್ ಸಿ ಒಂದು ಪುಟ್ಟ ಪ್ರೋಟೀನು. ಕೋಶಕೇಂದ್ರವಿರುವ ಎಲ್ಲ ಜೀವಕೋಶಗಳೂ ಅದನ್ನು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಉತ್ಪಾದಿಸುತ್ತವೆ. ಮೂತ್ರಪಿಂಡ ಅದನ್ನು ಸೋಸಿ, ನಾಳಿಕೆಗಳಲ್ಲಿ ಹೀರಿಕೊಂಡು ಒಡೆಯುತ್ತದೆ. ಸ್ನಾಯುವಿನ ಗಾತ್ರಕ್ಕೂ ಅದಕ್ಕೂ ಹೆಚ್ಚಿನ ನಂಟಿಲ್ಲ, ಬಿಲಿರುಬಿನ್ ಅದರ ಪರೀಕ್ಷೆಗೆ ಕ್ರಿಯಾಟಿನಿನ್‌ನಷ್ಟು ಅಡ್ಡಿ ಮಾಡುವುದಿಲ್ಲ. ಹೀಗಾಗಿ ಸಿರೋಸಿಸ್ ಇರುವವರಲ್ಲಿ ಸೋಸುವಿಕೆಯನ್ನು ಅಂದಾಜಿಸಲು ಅದು ಕ್ರಿಯಾಟಿನಿನ್‌ಗಿಂತ ಹತ್ತಿರದ ಉತ್ತರ ಕೊಡುತ್ತದೆ, ಎರಡನ್ನೂ ಸೇರಿಸಿದ ಸೂತ್ರಗಳು ಇನ್ನೂ ಉತ್ತಮ. ಮೂತ್ರಪಿಂಡ ಕಾಯಿಲೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಕ್ರಿಯಾಟಿನಿನ್ ನಂಬಲರ್ಹವಲ್ಲದ ಸಂದರ್ಭಗಳಲ್ಲಿ ಎರಡನ್ನೂ ಬಳಸುವಂತೆ ಹೇಳುತ್ತವೆ.

ಆದರೆ ಇದು ಕಳಂಕವಿಲ್ಲದ ಅಳತೆಯಲ್ಲ. ಥೈರಾಯ್ಡ್ ಏರುಪೇರು, ಸ್ಟೀರಾಯ್ಡ್ ಔಷಧಿ, ಬೊಜ್ಜು, ಧೂಮಪಾನ, ಉರಿಯೂತ ಇವೆಲ್ಲ ಸಿಸ್ಟಾಟಿನ್ ಸಿ ಮಟ್ಟದ ಮೇಲೆ ಪ್ರಭಾವ ಬೀರುತ್ತವೆ. ಮುಂದುವರಿದ ಸಿರೋಸಿಸ್‌ನಲ್ಲಿ ಉರಿಯೂತ ಇದ್ದೇ ಇರುತ್ತದೆ. ಆದ್ದರಿಂದ ಸಿಸ್ಟಾಟಿನ್ ಸಿ ಹೆಚ್ಚಿರುವವರಲ್ಲಿ ಸಾವು ಮತ್ತು ತೊಡಕುಗಳು ಹೆಚ್ಚೆಂದು ಅಧ್ಯಯನಗಳು ತೋರಿಸಿದಾಗ, ಅದು ಮೂತ್ರಪಿಂಡದ ಬಗ್ಗೆ ಹೇಳುತ್ತಿದೆಯೋ, ಒಟ್ಟಾರೆ ಕಾಯಿಲೆಯ ಬಿರುಸಿನ ಬಗ್ಗೆ ಹೇಳುತ್ತಿದೆಯೋ ಎಂದು ಬಿಡಿಸಿ ನೋಡುವುದು ಸುಲಭವಲ್ಲ. ರೋಗಿ ಎಷ್ಟು ಅಪಾಯದಲ್ಲಿದ್ದಾನೆಂದು ತಿಳಿಯಲು ಈ ವ್ಯತ್ಯಾಸ ಮುಖ್ಯವಾಗದಿರಬಹುದು, ಔಷಧಿಯ ಪ್ರಮಾಣ ನಿಗದಿಪಡಿಸುವಾಗ ಅದು ಬಹಳ ಮುಖ್ಯ.

ಎನ್‌ಗ್ಯಾಲ್: ಎರಡನೆಯ ಪ್ರಶ್ನೆಗೆ ಉತ್ತರ

ನಾಳಿಕೆಗಳ ಜೀವಕೋಶಗಳಿಗೆ ಪೆಟ್ಟು ಬಿದ್ದಾಗ ಕೆಲವೇ ಗಂಟೆಗಳಲ್ಲಿ ಹೊರಬರುವ ಪ್ರೋಟೀನುಗಳಲ್ಲಿ ಎನ್‌ಗ್ಯಾಲ್ ಪ್ರಮುಖವಾದದ್ದು. ಸೋಸುವಿಕೆ ಕುಂದಿದೆಯೇ ಎಂಬುದನ್ನಲ್ಲ, ನಾಳಿಕೆಗೆ ಹಾನಿಯಾಗಿದೆಯೇ ಎಂಬುದನ್ನು ಅದು ಹೇಳುತ್ತದೆ. ಹೆಪಟೊರೀನಲ್ ಸಿಂಡ್ರೋಮನ್ನು ನಾಳಿಕೆಗಳ ಹಾನಿಯಿಂದ ಬೇರ್ಪಡಿಸಲು ಅದು ನೆರವಾಗುವುದು ಇದೇ ಕಾರಣಕ್ಕೆ. ಆಲ್ಬುಮಿನ್ ಕೊಟ್ಟ ನಂತರವೂ ಮೂತ್ರದಲ್ಲಿ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 220 ಮೈಕ್ರೋಗ್ರಾಂಗಿಂತ ಹೆಚ್ಚು ಎನ್‌ಗ್ಯಾಲ್ ಇದ್ದರೆ ನಾಳಿಕೆಗಳ ಹಾನಿಯನ್ನು ಶಂಕಿಸಬೇಕೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತು. ಆ ಗಡಿ ಅಲ್ಲಿಂದೀಚೆಗೆ ಚರ್ಚೆಯ ಕೇಂದ್ರದಲ್ಲಿದೆ.

ಮೂತ್ರದಲ್ಲಿ ಎಂಬ ಪದವನ್ನು ಇಲ್ಲಿ ಹಗುರವಾಗಿ ಓದಿಹೋಗಬಾರದು. ಎನ್‌ಗ್ಯಾಲ್ ಮೊದಲು ಪತ್ತೆಯಾದದ್ದು ಬಿಳಿ ರಕ್ತಕಣಗಳಲ್ಲಿ. ಸೋಂಕು ತಗುಲಿದಾಗ ಆ ಕಣಗಳು ಅದನ್ನು ರಕ್ತಕ್ಕೆ ಸುರಿಯುತ್ತವೆ. ಸಿರೋಸಿಸ್ ರೋಗಿಯೊಬ್ಬರ ರಕ್ತದಲ್ಲಿ ಎನ್‌ಗ್ಯಾಲ್ ಏರಿದ್ದರೆ ಅದು ಮೂತ್ರಪಿಂಡದ ಕೂಗೋ ಸೋಂಕಿನ ಕೂಗೋ ಎಂದು ನಿಶ್ಚಯಿಸುವುದು ಕಷ್ಟ. ಮೂತ್ರದ ಪರೀಕ್ಷೆ ಇದಕ್ಕಿಂತ ಸ್ಪಷ್ಟ, ಆದರೆ ಮೂತ್ರಮಾರ್ಗದ ಸೋಂಕು ಅದನ್ನೂ ಕೆಡಿಸುತ್ತದೆ. ‘ಎನ್‌ಗ್ಯಾಲ್ ಪರೀಕ್ಷೆಗೆ ಅನುಮೋದನೆ’ ಎಂಬ ಸುದ್ದಿಯನ್ನು ಓದುವಾಗಲೂ ಎಚ್ಚರ ಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟದ್ದು 3 ತಿಂಗಳಿನಿಂದ 21 ವರ್ಷದೊಳಗಿನ, ತೀವ್ರ ನಿಗಾದಲ್ಲಿರುವ ರೋಗಿಗಳ ಮೂತ್ರಪರೀಕ್ಷೆಗೆ. ಸಿರೋಸಿಸ್ ಇರುವ ವಯಸ್ಕರಿಗೂ ಆ ಅನುಮೋದನೆಗೂ ನೇರ ಸಂಬಂಧವಿಲ್ಲ.

ಇನ್ನುಳಿದ ಕಿಮ್-1, ಇಂಟರ್‌ಲ್ಯೂಕಿನ್-18, ಯಕೃತ್ತಿನ ಬಗೆಯ ಕೊಬ್ಬಿನಾಮ್ಲ ಬಂಧಕ ಪ್ರೋಟೀನು ಮೊದಲಾದವೂ ಹೆಚ್ಚಾಗಿ ಇದೇ ಗುಂಪಿಗೆ ಸೇರಿದವು.

ಮೂರನೆಯ ಪ್ರಶ್ನೆ: ಮುಂದೇನು?

ಮುನ್ಸೂಚನೆಯ ಬಗ್ಗೆ ಬರುವ ಸುದ್ದಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಸನ್ನಿವೇಶವನ್ನು ತೆಗೆದುಕೊಳ್ಳೋಣ. ಆಸ್ಪತ್ರೆಗೆ ಸೇರಿದ 1000 ರೋಗಿಗಳಲ್ಲಿ 200 ಮಂದಿಗೆ ಮೂತ್ರಪಿಂಡದ ಹಾನಿಯಾಗಲಿದೆ ಎಂದಿಟ್ಟುಕೊಳ್ಳಿ. ಹಾನಿಯಾಗುವವರಲ್ಲಿ ಶೇಕಡಾ 80 ಮಂದಿಯನ್ನು ಹಿಡಿಯುವ, ಆಗದವರಲ್ಲಿ ಶೇಕಡಾ 80 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಪರೀಕ್ಷೆಯೊಂದಿದೆ. ಅದು 200ರಲ್ಲಿ 160 ಮಂದಿಯನ್ನು ಹಿಡಿಯುತ್ತದೆ, ಜೊತೆಗೆ ಉಳಿದ 800ರಲ್ಲಿ 160 ಮಂದಿಯನ್ನು ತಪ್ಪಾಗಿಯೂ ಹಿಡಿಯುತ್ತದೆ. ಎಚ್ಚರಿಕೆಯ ಫಲಿತಾಂಶ ಬಂದವರಲ್ಲಿ ಅರ್ಧದಷ್ಟು ಮಂದಿಗೆ ಏನೂ ಆಗುವುದಿಲ್ಲ. ಆದರೆ ಪರೀಕ್ಷೆ ‘ಇಲ್ಲ’ ಎಂದ 680 ಮಂದಿಯಲ್ಲಿ 640 ಮಂದಿ, ಅಂದರೆ ಶೇಕಡಾ 94ರಷ್ಟು ಜನ, ನಿಜಕ್ಕೂ ಸುರಕ್ಷಿತರು. ಇಂಥ ಪರೀಕ್ಷೆ ಅಪಾಯವನ್ನು ಸಾರುವುದಕ್ಕಿಂತ ಭರವಸೆ ಕೊಡುವುದಕ್ಕೆ ಹೆಚ್ಚು ಯೋಗ್ಯ. ಸುದ್ದಿಯ ತಲೆಬರಹದಲ್ಲಿ ಇದು ತಲೆಕೆಳಗಾಗಿ ಬರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಹೊಸ ಸೂಚಕ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಬಹುತೇಕ ಅಧ್ಯಯನಗಳು ಒರೆಗಲ್ಲಾಗಿ ಬಳಸುವುದು ಕ್ರಿಯಾಟಿನಿನ್ ಏರಿಕೆಯನ್ನೇ. ಒರೆಗಲ್ಲೇ ಡೊಂಕಾಗಿರುವಾಗ, ನಿಜವಾದ ಹಾನಿಯನ್ನು ಹೊಸ ಸೂಚಕ ಗುರುತಿಸಿದರೂ ಕ್ರಿಯಾಟಿನಿನ್ ಏರದಿದ್ದರೆ ಅದು ‘ತಪ್ಪು ಎಚ್ಚರಿಕೆ’ ಎಂದೇ ಲೆಕ್ಕಕ್ಕೆ ಬರುತ್ತದೆ. ಹೊರಗಿನಿಂದ ಸೇರಿಸಿದ ವಸ್ತುವೊಂದು ರಕ್ತದಿಂದ ಎಷ್ಟು ಬೇಗ ಖಾಲಿಯಾಗುತ್ತದೆಂದು ನೋಡಿ ಸೋಸುವಿಕೆಯನ್ನು ನೇರವಾಗಿ ಅಳೆಯುವ ವಿಧಾನಗಳಿವೆ. ಅವು ಶ್ರಮದ ಕೆಲಸ, ಜಲೋದರ ಹೆಚ್ಚಿದ್ದರೆ ಆ ವಸ್ತು ಹೊಟ್ಟೆಯ ನೀರಿಗೂ ಹರಡಿ ಲೆಕ್ಕ ಜಟಿಲವಾಗುತ್ತದೆ.

ಮುನ್ಸೂಚನೆ ಫಲ ಕೊಟ್ಟ ಉದಾಹರಣೆ ಇದೆ, ಅದು ಹಳೆಯ ಸೂಚಕಗಳದ್ದೇ. ಜಲೋದರದ ನೀರಿಗೆ ಸೋಂಕು ತಗುಲಿದವರಿಗೆ ಆಂಟಿಬಯಾಟಿಕ್ ಜೊತೆಗೆ ಆಲ್ಬುಮಿನ್ ಕೊಟ್ಟಾಗ ಮೂತ್ರಪಿಂಡದ ತೊಂದರೆ ಶೇಕಡಾ 33ರಿಂದ 10ಕ್ಕೆ ಇಳಿಯಿತೆಂದು 1999ರ ಪ್ರಯೋಗವೊಂದು ತೋರಿಸಿತು. ಹೆಚ್ಚು ಅಪಾಯದಲ್ಲಿದ್ದವರು ಯಾರೆಂದರೆ ಬಿಲಿರುಬಿನ್ 4 ಮಿಲಿಗ್ರಾಂಗಿಂತ ಅಥವಾ ಕ್ರಿಯಾಟಿನಿನ್ 1 ಮಿಲಿಗ್ರಾಂಗಿಂತ ಹೆಚ್ಚಿದ್ದವರು. ಇಲ್ಲಿ ಸೂಚಕಕ್ಕೂ ಚಿಕಿತ್ಸೆಗೂ ಕೊಂಡಿ ಇತ್ತು: ಸಂಖ್ಯೆ ಅಪಾಯವನ್ನು ತೋರಿಸಿತು, ಅದನ್ನು ತಗ್ಗಿಸುವ ಔಷಧಿ ಕೈಯಲ್ಲಿತ್ತು.

ಕೊಂಡಿ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಆಲ್ಬುಮಿನ್ನೇ ಪಾಠ. ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಿರುವ ಸಿರೋಸಿಸ್ ರೋಗಿಗಳ ಸ್ಥಿತಿ ಕೆಟ್ಟದಾಗುತ್ತದೆ ಎಂಬುದು ಹಳೆಯ ಅರಿವು. ಹಾಗಾದರೆ ದಿನವೂ ಆಲ್ಬುಮಿನ್ ಕೊಟ್ಟು ಆ ಮಟ್ಟವನ್ನು ಏರಿಸಿದರೆ ಸೋಂಕು, ಮೂತ್ರಪಿಂಡದ ವೈಫಲ್ಯ, ಸಾವು ಕಡಿಮೆಯಾಗಬೇಕಲ್ಲವೇ? ಅಟೈರ್ ಎಂಬ ದೊಡ್ಡ ಪ್ರಯೋಗ 2021ರಲ್ಲಿ ಕೊಟ್ಟ ಉತ್ತರ ಇಲ್ಲ ಎಂಬುದು. ಮಟ್ಟ ಏರಿತು, ಫಲಿತಾಂಶ ಬದಲಾಗಲಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಹೆಚ್ಚಾಯಿತು. ಅಪಾಯವನ್ನು ಸೂಚಿಸುವ ಸಂಖ್ಯೆಯೇ ಅಪಾಯದ ಕಾರಣವಾಗಿರಬೇಕಿಲ್ಲ.

ಎರಡು ಕಡೆಯ ವಾದ

ಹೊಸ ಸೂಚಕಗಳ ಪರವಾಗಿರುವವರ ಮುಖ್ಯ ಆಧಾರ ಸಮಯ. ಹೆಪಟೊರೀನಲ್ ಸಿಂಡ್ರೋಮ್‌ಗೆ ಚಿಕಿತ್ಸೆ ಇಲ್ಲದಿದ್ದರೆ ಬದುಕು ವಾರಗಳ ಲೆಕ್ಕದ್ದು, ಮತ್ತು ಕ್ರಿಯಾಟಿನಿನ್ ಕಡಿಮೆಯಿರುವಾಗಲೇ ಆರಂಭಿಸಿದ ಚಿಕಿತ್ಸೆ ಹೆಚ್ಚು ಫಲಿಸುತ್ತದೆ. ಒಂದು ದಿನ ಮೊದಲು ತಿಳಿದರೂ ಅದು ದೊಡ್ಡ ಲಾಭವೆನ್ನುವುದು ಅವರ ನಿಲುವು. ಸಂಶಯಿಗಳು ಬೇರೆ ತೊಂದರೆಗಳತ್ತ ಬೆರಳು ಮಾಡುತ್ತಾರೆ. ಪರೀಕ್ಷೆಗಳ ಗಡಿ ಸಂಖ್ಯೆಗಳು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬೇರೆಯಾಗುತ್ತವೆ, ಫಲಿತಾಂಶ ಬರಲು ದಿನಗಳೇ ಹಿಡಿದರೆ ಬೇಗ ಏರುವ ಸೂಚಕದ ಲಾಭ ಅಲ್ಲಿಯೇ ಕರಗುತ್ತದೆ, ಹೆಪಟೊರೀನಲ್ ಸಿಂಡ್ರೋಮ್ ಮತ್ತು ನಾಳಿಕೆಗಳ ಹಾನಿ ಒಬ್ಬರಲ್ಲೇ ಒಟ್ಟಿಗಿರಬಹುದಾದ್ದರಿಂದ ಒಂದೇ ಗೆರೆ ಎಳೆದು ಅವರನ್ನು ಇಬ್ಭಾಗ ಮಾಡುವುದು ಕೃತಕ. ಎರಡೂ ವಾದಗಳಲ್ಲಿ ತಿರುಳಿದೆ. ಆದರೆ ಸದ್ಯದ ಸಾಕ್ಷ್ಯದಲ್ಲಿ, ಅಳೆಯುವ ಕೆಲಸಕ್ಕೆ ಸಿಸ್ಟಾಟಿನ್ ಸಿಯನ್ನು ಅದರ ಮಿತಿಗಳನ್ನು ನೆನಪಿನಲ್ಲಿಟ್ಟು ಬಳಸಬಹುದು, ವಿಂಗಡಿಸುವ ಕೆಲಸಕ್ಕೆ ಮೂತ್ರದ ಎನ್‌ಗ್ಯಾಲನ್ನು ಇತರ ಲಕ್ಷಣಗಳ ಜೊತೆಗಿಟ್ಟು ಬಳಸಬಹುದು, ಭವಿಷ್ಯ ಹೇಳುವ ಕೆಲಸಕ್ಕೆ ಯಾವುದನ್ನೂ ಒಂಟಿಯಾಗಿ ನಂಬಲಾಗದು.

ವಿಂಗಡಣೆಯ ಮೇಲೆ ಎಷ್ಟು ನಿಂತಿದೆಯೆಂಬುದು ರಕ್ತನಾಳ ಬಿಗಿಗೊಳಿಸುವ ಟೆರ್ಲಿಪ್ರೆಸಿನ್ ಔಷಧಿಯ ಪ್ರಸಂಗದಲ್ಲಿ ಕಾಣುತ್ತದೆ. 300 ರೋಗಿಗಳ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಕನ್ಫರ್ಮ್ ಪ್ರಯೋಗದಲ್ಲಿ ಈ ಔಷಧಿ ಪಡೆದವರಲ್ಲಿ ಶೇಕಡಾ 32 ಮಂದಿಗೆ ಮೂತ್ರಪಿಂಡ ಚೇತರಿಸಿತು, ಪಡೆಯದವರಲ್ಲಿ ಶೇಕಡಾ 17 ಮಂದಿಗೆ. ಆದರೆ 90 ದಿನಗಳೊಳಗೆ ಉಸಿರಾಟದ ತೊಂದರೆಯಿಂದ ಸತ್ತವರು ಔಷಧಿ ಪಡೆದವರಲ್ಲಿ ಶೇಕಡಾ 11, ಪಡೆಯದವರಲ್ಲಿ ಶೇಕಡಾ 2. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಾಗ, ಕ್ರಿಯಾಟಿನಿನ್ 5 ಮಿಲಿಗ್ರಾಂ ದಾಟಿದವರಿಗೆ ಲಾಭ ಅಸಂಭವ ಎಂಬ ಮಾತನ್ನೂ ಔಷಧಿಯ ವಿವರಪತ್ರದಲ್ಲಿ ಸೇರಿಸಲಾಯಿತು. ಲಾಭವೂ ಹಾನಿಯೂ ಇಷ್ಟು ಹತ್ತಿರವಿರುವ ಔಷಧಿಯನ್ನು, ಅದರಿಂದ ಪ್ರಯೋಜನವಾಗದ ನಾಳಿಕೆ ಹಾನಿಯವರಿಗೆ ಕೊಡದಿರುವಂತೆ ನೋಡಿಕೊಳ್ಳಲು ಎನ್‌ಗ್ಯಾಲ್ ನೆರವಾದರೆ, ಅದೇ ಅದರ ಅತಿ ದೊಡ್ಡ ಉಪಯೋಗವಾದೀತು.

ಕಸಿಯ ಸರದಿಯಲ್ಲಿ

ಅಳತೆಯ ದೋಷ ಅತ್ಯಂತ ದುಬಾರಿಯಾಗುವ ಜಾಗ ಯಕೃತ್ತಿನ ಕಸಿಯ ಪಟ್ಟಿ. ಮೆಲ್ಡ್ ಎಂಬ ಅಂಕ 2002ರಿಂದ ಅಮೆರಿಕದಲ್ಲಿ ಸರದಿ ನಿರ್ಧರಿಸುತ್ತ ಬಂದಿದೆ. ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವಿಕೆಯ ಐಎನ್‌ಆರ್ ಮತ್ತು ಕ್ರಿಯಾಟಿನಿನ್ ಅದರ ಮೂಲ ಅಂಶಗಳು, 2016ರಲ್ಲಿ ಸೋಡಿಯಂ ಸೇರಿತು. ಇದರಲ್ಲಿ 1 ಮಿಲಿಗ್ರಾಂಗಿಂತ ಕಡಿಮೆಯಿರುವ ಕ್ರಿಯಾಟಿನಿನ್ನನ್ನೂ 1 ಎಂದೇ ಎಣಿಸಲಾಗುತ್ತದೆ. ಹಾಗಾಗಿ ಸ್ನಾಯು ಕರಗಿದ ರೋಗಿಯ ಕ್ರಿಯಾಟಿನಿನ್ 0.5ರಿಂದ 1.0ಕ್ಕೆ ದುಪ್ಪಟ್ಟಾದರೂ, ಅಂದರೆ ಸೋಸುವಿಕೆ ಗಣನೀಯವಾಗಿ ಕುಸಿದಿದ್ದರೂ, ಅಂಕ ಒಂದಿಷ್ಟೂ ಏರುವುದಿಲ್ಲ. ಸರಾಸರಿಯಲ್ಲಿ ಸ್ನಾಯು ಕಡಿಮೆಯಿರುವ ಮಹಿಳೆಯರಿಗೆ ಇದರಿಂದ ಹೆಚ್ಚು ಅನ್ಯಾಯವಾಗುತ್ತಿತ್ತು. 2023ರಲ್ಲಿ ಬಂದ ಮೆಲ್ಡ್ 3.0 ಮಹಿಳೆಯರಿಗೆ 1.33 ಅಂಕ ಸೇರಿಸಿತು, ಆಲ್ಬುಮಿನ್ನನ್ನು ಲೆಕ್ಕಕ್ಕೆ ತಂದಿತು, ಕ್ರಿಯಾಟಿನಿನ್‌ನ ಮೇಲ್ಮಿತಿಯನ್ನು 4ರಿಂದ 3ಕ್ಕೆ ಇಳಿಸಿತು. ಇದು ಕ್ರಿಯಾಟಿನಿನ್‌ನ ಡೊಂಕನ್ನು ತಿದ್ದಿದ್ದಲ್ಲ, ಡೊಂಕಿಗೆ ಪರಿಹಾರ ಕೊಟ್ಟಿದ್ದು. ಸ್ನಾಯು ಕರಗಿದ ಪುರುಷನಿಗೆ ಆ 1.33 ಸಿಗುವುದಿಲ್ಲ.

ಯಕೃತ್ತಿನ ಜೊತೆಗೆ ಮೂತ್ರಪಿಂಡವನ್ನೂ ಕಸಿ ಮಾಡಬೇಕೇ ಎಂಬ ತೀರ್ಮಾನವೂ ಅಂದಾಜು ಸೋಸುವಿಕೆಯ ಮೇಲೆ ನಿಂತಿದೆ. 2017ರಿಂದ ಅಮೆರಿಕದಲ್ಲಿ ಜಾರಿಯಲ್ಲಿರುವ ನಿಯಮದಂತೆ, ದಿಢೀರ್ ವೈಫಲ್ಯದಲ್ಲಿ ಸತತ 6 ವಾರ ಡಯಾಲಿಸಿಸ್ ನಡೆದಿರಬೇಕು ಅಥವಾ ಅಷ್ಟೂ ಕಾಲ ಸೋಸುವಿಕೆ ನಿಮಿಷಕ್ಕೆ 25 ಮಿಲಿಲೀಟರ್ ಇಲ್ಲವೇ ಅದಕ್ಕಿಂತ ಕಡಿಮೆ ಇರಬೇಕು. ಹೆಪಟೊರೀನಲ್ ಸಿಂಡ್ರೋಮ್ ಮಾತ್ರವಾಗಿದ್ದರೆ ಹೊಸ ಯಕೃತ್ತು ಬಂದ ಮೇಲೆ ಮೂತ್ರಪಿಂಡ ತಾನಾಗಿ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಶಾಶ್ವತ ಹಾನಿಯಾಗಿದ್ದರೆ ಇಲ್ಲ. ಯಾರು ಚೇತರಿಸಿಕೊಳ್ಳುತ್ತಾರೆಂದು ಖಚಿತವಾಗಿ ಹೇಳುವ ಸೂಚಕವಿಲ್ಲದ್ದರಿಂದಲೇ, ಯಕೃತ್ತಿನ ಕಸಿಯಾದ ಬಳಿಕವೂ ಮೂತ್ರಪಿಂಡ ಚೇತರಿಸದವರಿಗೆ ಮೊದಲ ವರ್ಷದಲ್ಲಿ ಮೂತ್ರಪಿಂಡದ ಕಸಿಗೆ ಆದ್ಯತೆ ಕೊಡುವ ವ್ಯವಸ್ಥೆಯನ್ನು ಆ ನಿಯಮದ ಜೊತೆಗೇ ಸೇರಿಸಬೇಕಾಯಿತು.

ಮೆಲ್ಡ್‌ನಲ್ಲಿ ಕ್ರಿಯಾಟಿನಿನ್ ಬದಲು ಸಿಸ್ಟಾಟಿನ್ ಸಿ ಬಳಸಬೇಕೆಂಬ ಸಲಹೆ ತಜ್ಞರ ನಡುವೆ ಇದೆ. ಅದು ಜಾರಿಗೆ ಬರಬೇಕಾದರೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಪರೀಕ್ಷೆಯೂ ಒಂದೇ ಮಾನಕದಲ್ಲಿ ನಡೆಯಬೇಕು, ಏಕೆಂದರೆ ಸಿಗುವ ಯಕೃತ್ತುಗಳ ಸಂಖ್ಯೆ ಅಷ್ಟೇ ಇರುವಾಗ ಒಬ್ಬರ ಅಂಕ ಏರಿ ಅವರು ಮುಂದೆ ಹೋದರೆ ಇನ್ನೊಬ್ಬರು ಸರದಿಯಲ್ಲಿ ಕೆಳಗಿಳಿಯುತ್ತಾರೆ.